ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಎಷ್ಟು ಕಾಯುವುದು, ಕೋಲಾರಕ್ಕೆ ಯಾವಾಗ ಹೊರಡುವುದು?

ಮುಳಬಾಗಿಲಿನ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಏಳು ವರ್ಷ, ಮಗಳಿಗೆ ಎರಡು ತುಂಬಿದೆ. ನಾವು ತೋರಿಸುವ ಮಕ್ಕಳ ವೈದ್ಯರು ಇರುವುದು ಕೋಲಾರದಲ್ಲಿ. ಹೋಗಿ ಬರುವುದೆಂದರೆ ಯಜಮಾನರ ಒಂದು ದಿನದ ಕೆಲಸ ಕೆಟ್ಟಿತೆಂದೇ ಲೆಕ್ಕ. ಸರದಿಯಲ್ಲಿ ಕುಳಿತು ಒಳಗೆ ಹೋದರೆ ‘ವೈರಲ್ ಜ್ವರ, ತಾನಾಗಿ ಇಳಿಯುತ್ತದೆ’ ಎಂದು ಕಳುಹಿಸುತ್ತಾರೆ. ಹೋಗದೆ ಇದ್ದರೆ ರಾತ್ರಿಯೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಕೂರಬೇಕು. ಯಾವ ಜ್ವರಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಇನ್ನೂ ಕೆಲವು ಸಂದೇಹಗಳಿವೆ. ಮನೆಯಲ್ಲಿ ಒಂದೇ ಜ್ವರದ ಔಷಧಿಯ ಎರಡು ಬಾಟಲಿಗಳಿವೆ. ಒಂದರ ಮೇಲೆ 120, ಇನ್ನೊಂದರ ಮೇಲೆ 250 ಎಂದಿದೆ. ಯಾವುದನ್ನು ಎಷ್ಟು ಕೊಡಬೇಕು? ನಮ್ಮ ಅತ್ತೆ ಜ್ವರ ಎಂದ ಕೂಡಲೇ ಮೊಸರು, ಬಾಳೆಹಣ್ಣು ನಿಲ್ಲಿಸಿ ಕಂಬಳಿ ಹೊದಿಸುತ್ತಾರೆ. ಇದು ಸರಿಯೇ? ಮಗನ ಹೊಸ ಹಲ್ಲುಗಳು ಹುಟ್ಟುತ್ತಲೇ ಕಂದು ಪಟ್ಟೆಯೊಂದಿಗೆ ಬಂದಿವೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಬಂಗಾರಪೇಟೆ ಔಷಧಿ ಅಂಗಡಿ

ಮೇಡಂ, ಬಾಟಲಿಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದು ವೈದ್ಯರ ಕೆಲಸ. ಪ್ಯಾರಾಸಿಟಮಾಲ್ ಮಕ್ಕಳಿಗೆಂದು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಬರುತ್ತದೆ. ಸಿರಪ್‌ನಲ್ಲಿ ಎರಡು: 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವುದು ಮತ್ತು 5 ಮಿ.ಲೀ.ಗೆ 250 ಮಿ.ಗ್ರಾಂ ಇರುವುದು. ಮೂರನೆಯದು ಡ್ರಾಪ್ಸ್. ಅದರಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಕೈಗೂಸಿಗೆ ಬರೆದುಕೊಡುವ ಔಷಧಿಯಾದ್ದರಿಂದ ಡ್ರಾಪ್ಸ್ ಸೌಮ್ಯವಾದದ್ದು ಎಂದು ಬಹಳ ಜನ ನಂಬಿದ್ದಾರೆ. ಮೂರರಲ್ಲಿ ಗಟ್ಟಿಯಾದದ್ದು ಅದೇ. ಡ್ರಾಪ್ಸನ್ನು ಸಿರಪ್ ಎಂದು ತಿಳಿದು 5 ಮಿ.ಲೀ. ಕುಡಿಸಿದರೆ ಒಳಗೆ ಹೋಗುವುದು 500 ಮಿ.ಗ್ರಾಂ, ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು.

ಲೆಕ್ಕ ಮಗುವಿನ ತೂಕದ ಮೇಲೆ ನಿಲ್ಲುತ್ತದೆ, ವಯಸ್ಸಿನ ಮೇಲಲ್ಲ. ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ. ನಿಮ್ಮ ಮಗಳು 10 ಕೆ.ಜಿ. ಇದ್ದಾಳೆಂದುಕೊಳ್ಳಿ, 150 ಮಿ.ಗ್ರಾಂ ಬೇಕು. 120ರ ಬಾಟಲಿಯಾದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ., ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಒಂದು ಸಲ ಕೊಟ್ಟ ಮೇಲೆ ಕನಿಷ್ಠ ನಾಲ್ಕು ಗಂಟೆ, ಆದಷ್ಟೂ ಆರು ಗಂಟೆ ಬಿಡಿ. ದಿನಕ್ಕೆ ನಾಲ್ಕು ಸಲ ಮೀರಬಾರದು. ಅಡುಗೆ ಮನೆಯ ಚಮಚ ಬೇಡ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ಕೇಳಿ, ಯಾವ ಅಂಗಡಿಯಲ್ಲೂ ಸಿಗುತ್ತದೆ. ನೆಗಡಿಯ ಸಿರಪ್‌ಗಳಲ್ಲಿ ಕೆಲವೊಮ್ಮೆ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದನ್ನೂ ಇದನ್ನೂ ಒಟ್ಟಿಗೆ ಕೊಟ್ಟರೆ ಪ್ರಮಾಣ ಇಮ್ಮಡಿಯಾಗುತ್ತದೆ. ‘ಜೋರು ಜ್ವರಕ್ಕೆ ಜೋರಾದ ಔಷಧಿ’ ಎಂದು ಯಾರಾದರೂ ನಿಮೆಸುಲೈಡ್ ಕೊಟ್ಟರೆ ತೆಗೆದುಕೊಳ್ಳಬೇಡಿ. 12 ವರ್ಷದೊಳಗಿನವರಿಗೆ ಅದನ್ನು ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ.

ಮುಳಬಾಗಿಲಿನ ತಾಯಿ

ತುಂಬಾ ಉಪಕಾರವಾಯಿತು ಸರ್. ಆದರೆ ಮಗಳ ಈಗಿನ ತೂಕ ಎಷ್ಟೆಂದು ಹೇಗೆ ತಿಳಿಯುವುದು? ಮನೆಯಲ್ಲಿರುವುದು ಹುಣಸೆಹಣ್ಣು ತೂಗುವ ತಕ್ಕಡಿ.

ಆಶಾ ಕಾರ್ಯಕರ್ತೆ, ಶ್ರೀನಿವಾಸಪುರ ತಾಲ್ಲೂಕು

ಅಕ್ಕ, ಅಂಗನವಾಡಿಗೆ ಕರೆದುಕೊಂಡು ಹೋಗಿ. ಪ್ರತಿ ತಿಂಗಳು ತೂಕ ನೋಡಿ ಬರೆಯುವುದು ಅಲ್ಲಿನ ಕೆಲಸವೇ. ತಾಯಿ ಕಾರ್ಡಿನಲ್ಲೂ ಬರೆಸಿಕೊಳ್ಳಿ. ಆಸ್ಪತ್ರೆಗೆ ಬಟ್ಟೆ, ಫ್ಲಾಸ್ಕು, ಬಿಸ್ಕೆಟ್ಟು ಎಲ್ಲ ತುಂಬಿಕೊಂಡು ಹೋಗುತ್ತಾರೆ, ತಾಯಿ ಕಾರ್ಡ್ ಮಾತ್ರ ಬೀರುವಿನಲ್ಲೇ ಉಳಿದಿರುತ್ತದೆ.

ಮಕ್ಕಳ ವೈದ್ಯೆ, ಕೋಲಾರ

ಔಷಧಿ ಅಂಗಡಿಯವರು ಹೇಳಿದ ಲೆಕ್ಕ ಸರಿಯಾಗಿದೆ. ಅದು ಮೂರು ತಿಂಗಳು ದಾಟಿದ ಮಕ್ಕಳಿಗೆ ಎಂದು ಸೇರಿಸುತ್ತೇನೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಮನೆಯ ಔಷಧಿ ಬೇಡ, ನಾಳೆಯವರೆಗೆ ಕಾಯುವುದೂ ಬೇಡ. ಅಷ್ಟು ಎಳೆಯ ಮಗುವಿನಲ್ಲಿ ರಕ್ತಕ್ಕೆ, ಮೆದುಳಿಗೆ ಸೋಂಕು ತಗುಲಿದ್ದರೂ ಹೊರಗೆ ಕಾಣುವುದು ಸಣ್ಣ ಜ್ವರ ಮಾತ್ರ ಆಗಿರಬಹುದು. ಕೆಲವೊಮ್ಮೆ ಜ್ವರವೂ ಇರದೆ ಮೈ ತಣ್ಣಗಾಗುತ್ತದೆ, ಹಾಲು ಕುಡಿಯುವುದನ್ನು ಬಿಡುತ್ತದೆ. ಆಗಲೂ ಹೊರಡಿ.

ನಿಮ್ಮ ಮಗಳ ವಯಸ್ಸಿಗೆ ಬರೋಣ. ಥರ್ಮಾಮೀಟರ್ 103 ತೋರಿಸಿತೋ 101 ತೋರಿಸಿತೋ ಎಂಬುದರಿಂದ ಕಾಯಿಲೆಯ ಗಂಭೀರತೆ ತಿಳಿಯುವುದಿಲ್ಲ. ಔಷಧಿ ಕೊಟ್ಟು ಒಂದು ಗಂಟೆಯ ನಂತರ ಮಗುವನ್ನು ನೋಡಿ. ಜ್ವರ ಸ್ವಲ್ಪ ತಗ್ಗಿದಾಗ ಎದ್ದು ಕುಳಿತು, ಅಣ್ಣನ ಆಟಿಕೆ ಕಿತ್ತುಕೊಂಡು, ನೀರು ಕೇಳಿದರೆ ಮನೆಯಲ್ಲಿಯೇ ಎರಡು ಮೂರು ದಿನ ನೋಡಬಹುದು. ಜ್ವರ ಇಳಿದಾಗಲೂ ಮಂಕಾಗಿ ಬಿದ್ದುಕೊಂಡಿದ್ದರೆ, ಎಬ್ಬಿಸಿದರೂ ಕಣ್ಣು ಬಿಡಲು ಬೇಸರಿಸಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆರೇಳು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಕುತ್ತಿಗೆ ಬಗ್ಗಿಸಲು ಆಗದಿದ್ದರೆ, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ ಮೈಮೇಲೆ ಎದ್ದಿದ್ದರೆ ಅದೇ ಹೊತ್ತಿಗೆ ಹೊರಡಬೇಕು. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಇವೇನೂ ಇಲ್ಲದಿದ್ದರೂ ಮೂರನೆಯ ದಿನ ದಾಟಿದ ಜ್ವರವನ್ನು ಒಮ್ಮೆ ವೈದ್ಯರಿಗೆ ತೋರಿಸಿ.

ಕಂಬಳಿ ಬೇಡ. ಮೈಯ ಬಿಸಿ ಹೊರಗೆ ಹೋಗಲು ದಾರಿ ಬೇಕು, ತೆಳುವಾದ ಹತ್ತಿ ಬಟ್ಟೆ ಸಾಕು. ತಣ್ಣೀರಿನ ಬಟ್ಟೆಯೂ ಬೇಡ, ಅದರಿಂದ ಮಗುವಿಗೆ ನಡುಕ ಹುಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಬಹುದು. ಮೊಸರನ್ನ, ಬಾಳೆಹಣ್ಣು ಮಗು ಕೇಳಿದರೆ ಕೊಡಿ. ಜ್ವರದಲ್ಲಿ ನಾಲ್ಕು ತುತ್ತು ತಿನ್ನುವುದೇ ಕಷ್ಟ, ಇಷ್ಟವಾದದ್ದನ್ನೂ ಕಿತ್ತುಕೊಂಡರೆ ಇನ್ನೇನು ತಿನ್ನುತ್ತದೆ?

ಚಿಂತಾಮಣಿಯ ಅಜ್ಜಿ

ನಾನು ಅತ್ತೆಯ ಕಡೆಯವಳು ಎಂದು ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು. ಈಗಿನವರಿಗೆ ಮನೆಯ ಹಿರಿಯರು ಹೇಳಿದ್ದೆಲ್ಲ ಮೂಢನಂಬಿಕೆ, ಮೊಬೈಲ್ ಹೇಳಿದ್ದೆಲ್ಲ ವಿಜ್ಞಾನ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬಜೆ, ಜೇನು, ದೊಡ್ಡಪತ್ರೆ ರಸ ಇವುಗಳಲ್ಲೇ ಊರಿಗೆ ಊರು ಬೆಳೆದಿಲ್ಲವೇ? ಡಾಕ್ಟರಮ್ಮ ಬೇಸರಿಸದೆ ಉತ್ತರ ಹೇಳಲಿ.

ಮಕ್ಕಳ ವೈದ್ಯೆ, ಕೋಲಾರ

ಬೇಸರವೇನಿಲ್ಲ ಅಮ್ಮ. ಎಣ್ಣೆ ಹಚ್ಚಿ ನೀವಿ ಸ್ನಾನ ಮಾಡಿಸುವುದು ಒಳ್ಳೆಯದೇ, ನನ್ನ ಮಕ್ಕಳಿಗೂ ಅದನ್ನೇ ಮಾಡಿದ್ದು. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದರೆ ಗೊರಗೊರ ಎನ್ನುವ ಮಗುವಿಗೆ ಉಬ್ಬಸ ಹೆಚ್ಚುತ್ತದೆ. ಬಜೆ ತೇಯ್ದು ಕೂಸಿನ ನಾಲಿಗೆಗೆ ಸವರುವುದನ್ನು ದಯವಿಟ್ಟು ಬಿಡಿ. ಕೈಗೆ ಕಟ್ಟಿದರೂ ಮಗು ಅದನ್ನು ಚೀಪುತ್ತಲೇ ಇರುತ್ತದೆ.

ಜೇನಿನ ವಿಷಯದಲ್ಲಿ ಅರ್ಧ ಗೆಲುವು ನಿಮ್ಮದು. ಒಂದು ವರ್ಷ ತುಂಬುವ ಮೊದಲು ಒಂದು ತೊಟ್ಟೂ ಕೂಡದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನೇ ಸೋಲಿಸುತ್ತದೆ. ವರ್ಷ ದಾಟಿದ ಮಗುವಿಗೆ ರಾತ್ರಿಯ ಕೆಮ್ಮಿಗೆ ಒಂದು ಸಣ್ಣ ಚಮಚ ಜೇನು ಅಂಗಡಿಯ ಬಹುತೇಕ ಸಿರಪ್‌ಗಳಿಗಿಂತ ಮೇಲು.

ಚಿಂತಾಮಣಿಯ ಅಜ್ಜಿ

ಅರ್ಧ ಗೆಲುವಾದರೂ ಸಿಕ್ಕಿತಲ್ಲ. ಫಿಟ್ಸ್ ಬಂದಾಗ ಈರುಳ್ಳಿ ಜಜ್ಜಿ ಮೂಸಿಸುವುದು, ಕೈಗೆ ಕಬ್ಬಿಣದ ಬೀಗದಕೈ ಕೊಡುವುದು? ನನಗೂ ಅದರಲ್ಲಿ ನಂಬಿಕೆ ಇಲ್ಲ, ಕೇಳಿಯೇಬಿಡೋಣ ಎಂದು.

ಮಕ್ಕಳ ವೈದ್ಯೆ, ಕೋಲಾರ

ಜ್ವರದಲ್ಲಿ ಬರುವ ಫಿಟ್ಸ್ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಕಾಣುತ್ತದೆ. ನೋಡಲು ಎದೆ ಒಡೆಯುವಂತಿರುತ್ತದೆ, ಆದರೆ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದಕೈ ಕೊಟ್ಟಾಗ ನಿಂತದ್ದು ಕೊಡದಿದ್ದರೂ ನಿಲ್ಲುತ್ತಿತ್ತು. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿಯಲಿ. ಹಲ್ಲಿನ ನಡುವೆ ಚಮಚ, ಬೆರಳು ಏನನ್ನೂ ತೂರಿಸಬೇಡಿ. ನೀರು ಕುಡಿಸಬೇಡಿ. ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಮಗುವನ್ನು ಎತ್ತಿಕೊಂಡು ಹೊರಡಿ. ನಿಂತರೂ ಅದೇ ದಿನ ತೋರಿಸಿ, ಮೊದಲ ಸಲವಾದರಂತೂ ತಪ್ಪದೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ. ಕಣ್ಣು ಯಾವ ಕಡೆ ತಿರುಗಿತ್ತು, ಎರಡೂ ಕೈ ಬಡಿದುಕೊಂಡಿತೇ ಒಂದೇ ಕೈಯೇ ಎಂಬುದು ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ, ನನಗೆ ಬೇಕಾದದ್ದು ಅದೇ.

ಮಾಲೂರಿನ ತಂದೆ

ನನಗೆ ಸ್ವಲ್ಪ ಕಹಿ ಅನುಭವ ಇದೆ, ಹಾಗಾಗಿ ಕೇಳುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಮಗನಿಗೆ ಜ್ವರ ಬಂದ ಮೊದಲ ದಿನವೇ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಉದ್ದನೆಯ ಪಟ್ಟಿಯ ರಕ್ತ ಪರೀಕ್ಷೆ ಬರೆದರು. ಮರುದಿನ ಪ್ಲೇಟ್‌ಲೆಟ್ ನೋಡಿ ‘ಇಳಿಯುತ್ತಿದೆ, ಬೆಂಗಳೂರಿಗೆ ಹೋಗಿ’ ಎಂದು ಹೆದರಿಸಿದರು. ಡೆಂಗಿಯೇ ಇರಬೇಕೆಂದು ಮನೆಯವರೆಲ್ಲ ಪಪ್ಪಾಯಿ ಎಲೆ ಹುಡುಕಲು ಹೊರಟರು. ಹುಡುಗ ಆಡಿಕೊಂಡೇ ಇದ್ದ. ಪರೀಕ್ಷೆ ನಿಜವಾಗಿ ಯಾವಾಗ ಬೇಕು?

ಮಕ್ಕಳ ವೈದ್ಯೆ, ಕೋಲಾರ

ಆ ಮಗುವನ್ನು ನೋಡದೆ ಆ ವೈದ್ಯರ ಬಗ್ಗೆ ನಾನು ಏನೂ ಹೇಳಲಾರೆ. ಡೆಂಗಿಯ ಬಗ್ಗೆ ಹೇಳಬಲ್ಲೆ.

ರಕ್ತದಲ್ಲಿ ಡೆಂಗಿ ವೈರಸ್‌ನ ಅಂಶವನ್ನು ಹುಡುಕುವ ಎನ್‌ಎಸ್‌1 ಪರೀಕ್ಷೆ ಜ್ವರದ ಮೊದಲ ನಾಲ್ಕೈದು ದಿನ ಉಪಯೋಗಕ್ಕೆ ಬರುತ್ತದೆ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಅದರ ನಂತರ. ಹೀಗಾಗಿ ಯಾವ ದಿನದ ಜ್ವರ ಎಂದು ನೀವು ಸರಿಯಾಗಿ ಹೇಳಿದರೆ ಒಂದು ಪರೀಕ್ಷೆಯ ಹಣವೇ ಉಳಿಯಬಹುದು. ಸಾಮಾನ್ಯ ರಕ್ತಕಣಗಳ ಎಣಿಕೆಯೂ ಮೊದಲ ದಿನಕ್ಕಿಂತ ಮೂರನೆಯ ದಿನ ಹೆಚ್ಚು ಮಾತನಾಡುತ್ತದೆ. 2024ರ ಡೆಂಗಿ ಹಾವಳಿಯಲ್ಲಿ ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಿಗೆ ದರ ನಿಗದಿ ಮಾಡಿ, ಎಲಿಸಾ ಎಂಬ ಪ್ರಯೋಗಾಲಯ ವಿಧಾನದಲ್ಲಿ ಮಾಡುವ ಈ ಎರಡು ಪರೀಕ್ಷೆಗಳಿಗೆ ಸೇರಿ 600 ರೂಪಾಯಿ ಎಂದಿತ್ತು. ಅದಕ್ಕಿಂತ ಬಹಳ ಹೆಚ್ಚು ಕೇಳಿದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಪ್ಲೇಟ್‌ಲೆಟ್ ಎಂಬ ಒಂದು ಅಂಕಿಗೆ ನಮ್ಮ ಜನ ಶೇರುಪೇಟೆಯವರಿಗಿಂತ ಹೆಚ್ಚು ಕಾವಲು ಕೂರುತ್ತಾರೆ. ಡೆಂಗಿಯಲ್ಲಿ ಮಗುವಿನ ಜೀವ ತೆಗೆಯುವುದು ಬಹುಮಟ್ಟಿಗೆ ರಕ್ತನಾಳದಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುವುದು. ಅದು ಆಗುವುದು ಜ್ವರ ಏರಿದ್ದಾಗ ಅಲ್ಲ, ಇಳಿದ ಮೇಲಿನ ಒಂದೆರಡು ದಿನಗಳಲ್ಲಿ. ಮನೆಯವರು ‘ಜ್ವರ ಬಿಟ್ಟಿತು’ ಎಂದು ನಿಟ್ಟುಸಿರು ಬಿಡುವ ಹೊತ್ತೇ ನಾವು ಕಣ್ಣಿಟ್ಟು ನೋಡುವ ಹೊತ್ತು. ಜ್ವರ ಇಳಿದ ಮಗುವಿಗೆ ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಿನ ಕೈಕಾಲು, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಡಿಮೆಯಾದ ಮೂತ್ರ, ವಿಚಿತ್ರ ಮಂಕು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಯಲ್ಲಿರಬೇಕು. ನಿಮ್ಮ ಮಗ ಆಡಿಕೊಂಡಿದ್ದ, ಕುಡಿಯುತ್ತಿದ್ದ, ಮೂತ್ರ ಹೋಗುತ್ತಿತ್ತು ಎಂದರೆ ಅದು ಯಾವ ವರದಿಗೂ ಕಡಿಮೆಯಲ್ಲದ ಮಾಹಿತಿ. ಡೆಂಗಿ ಶಂಕೆ ಇರುವಾಗ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಐಬುಪ್ರೊಫೆನ್, ಆಸ್ಪಿರಿನ್, ಅವು ಬೆರೆತ ಸಿರಪ್ ಯಾವುದೂ ಬೇಡ. ಪಪ್ಪಾಯಿ ಎಲೆಯ ಕಹಿ ರಸ ಕುಡಿಸಿ ವಾಂತಿ ಮಾಡಿಸುವ ಬದಲು ಎಳನೀರು, ಗಂಜಿ, ಮಜ್ಜಿಗೆ ಕೊಡಿ.

ಮಾಲೂರಿನ ತಂದೆ

ಜ್ವರ ಇಳಿದ ಮೇಲೆ ನೋಡಬೇಕು ಎಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ ಮೇಡಂ. ನಾವು ಜ್ವರ ಬಿಟ್ಟ ದಿನವೇ ಹುಡುಗನನ್ನು ಶಾಲೆಗೆ ಕಳುಹಿಸುವ ಜನ.

ಗೌರಿಬಿದನೂರು ನಿವಾಸಿ

ಕೆಮ್ಮಿನ ಸಿರಪ್ ಬಗ್ಗೆ ಯಾರೂ ಬರೆಯಲಿಲ್ಲ. ಆ ಸುದ್ದಿ ಬಂದಾಗಿನಿಂದ ಮನೆಯಲ್ಲಿರುವ ಬಾಟಲಿ ಮುಟ್ಟಲು ಹೆದರಿಕೆ. ಮಗುವಿಗೆ ಹದಿನೆಂಟು ತಿಂಗಳು.

ಬಂಗಾರಪೇಟೆ ಔಷಧಿ ಅಂಗಡಿ

ನೀವು ಹೇಳುತ್ತಿರುವುದು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಮಕ್ಕಳು ತೀರಿಕೊಂಡ ಪ್ರಕರಣ. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ ಬೆರೆತಿತ್ತು, ಮಕ್ಕಳ ಮೂತ್ರಪಿಂಡ ಕೆಟ್ಟಿತು. ಆಗ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೊರಡಿಸಿದ ಸಲಹೆಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧಿ ಬರೆಯಲೂ ಬಾರದು, ಕೊಡಲೂ ಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದಿದೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಜೋಡಿಯ ನೆಗಡಿ ಸಿರಪ್ ನಾಲ್ಕು ವರ್ಷದೊಳಗೆ ಕೊಡಬಾರದು ಎಂದು 2023ರಲ್ಲೇ ಎಚ್ಚರಿಕೆ ಬಂದಿತ್ತು.

ಇನ್ನೊಂದು ಮಾತು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ನನ್ನೊಡನೆ ಜಗಳಕ್ಕೆ ನಿಲ್ಲುತ್ತಾರೆ. ‘ಪಕ್ಕದ ಅಂಗಡಿಯಲ್ಲಿ ಕೊಡುತ್ತಾರೆ’ ಎಂದು ಎದ್ದು ಹೋಗುತ್ತಾರೆ. ಹಳೆಯ ಚೀಟಿಯ ಫೋಟೊ ತೋರಿಸಿ ಆ್ಯಂಟಿಬಯೋಟಿಕ್ ಕೇಳುವವರಿದ್ದಾರೆ. ಅಣ್ಣನಿಗೆ ಬರೆದದ್ದು ತಮ್ಮನಿಗೆ, ಅದೂ ಮೂರು ದಿನಕ್ಕೆ ಮಾತ್ರ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಜ್ವರಕ್ಕೆ! ನೀರು ಬೆರೆಸಿದ ಆ್ಯಂಟಿಬಯೋಟಿಕ್ ಸಿರಪ್ ಹೆಚ್ಚೆಂದರೆ ಒಂದೆರಡು ವಾರ ಇರುತ್ತದೆ, ಬಾಟಲಿಯ ಮೇಲೇ ಬರೆದಿರುತ್ತದೆ. ಚೆಲ್ಲಿಬಿಡಿ.

ಮಕ್ಕಳ ವೈದ್ಯೆ, ಕೋಲಾರ

ಹದಿನೆಂಟು ತಿಂಗಳ ಮಗುವಿನ ಸಾಮಾನ್ಯ ನೆಗಡಿ, ಕೆಮ್ಮಿಗೆ ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ಎದೆಹಾಲು ಅಥವಾ ಬೆಚ್ಚಗಿನ ದ್ರವ, ಜೇನು. ಇಷ್ಟೇ. ಕೆಮ್ಮು ಎರಡು ವಾರ ಎಳೆಯಬಹುದು, ಗಾಬರಿ ಬೇಡ. ಉಸಿರಾಟ ವೇಗವಾಗಿದೆಯೇ ಎಂಬುದನ್ನು ಮಾತ್ರ ನೋಡುತ್ತಿರಿ. ಅದನ್ನು ಎಣಿಸುವ ರೀತಿಯನ್ನು ಆಶಾ ಸಹೋದರಿ ಹೇಳಿದರೆ ಚೆನ್ನ, ಅವರ ಕೈ ಪಳಗಿದೆ.

ಆಶಾ ಕಾರ್ಯಕರ್ತೆ, ಶ್ರೀನಿವಾಸಪುರ ತಾಲ್ಲೂಕು

ಹೇಳುತ್ತೇನೆ ಮೇಡಂ. ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಿದ್ದೆಯಲ್ಲಿರುವಾಗ ಅಥವಾ ತಾಯಿಯ ಮಡಿಲಲ್ಲಿ ಸುಮ್ಮನಿರುವಾಗ ಅಂಗಿಯನ್ನು ಎದೆಯವರೆಗೆ ಎತ್ತಿ. ಬೆಳಕು ಹೊಟ್ಟೆಯ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ಹೊಟ್ಟೆ ಮೇಲೆದ್ದು ಇಳಿದರೆ ಒಂದು. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟು ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಮಕ್ಕಳಿಗೆ ನಡೆಯುವುದಿಲ್ಲ, ಅವರ ಉಸಿರು ಏಕಪ್ರಕಾರವಾಗಿರುವುದಿಲ್ಲ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಬಂದರೆ ವೇಗ ಎಂದು ಅರ್ಥ. ಇನ್ನೊಮ್ಮೆ ಎಣಿಸಿ, ಅಷ್ಟೇ ಬಂದರೆ ತಡಮಾಡದೆ ತೋರಿಸಿ. ಅಂಗಿ ಎತ್ತಿದಾಗಲೇ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದೆಯೇ ನೋಡಿಕೊಳ್ಳಿ. ಸ್ವೆಟರ್ ಮೇಲಿಂದ ಅದು ಯಾರಿಗೂ ಕಾಣದು.

ಗೌರಿಬಿದನೂರು ನಿವಾಸಿ

ಧನ್ಯವಾದಗಳು ಅಕ್ಕ. ಇದೇ ನೆಗಡಿಯಲ್ಲಿ ಲಸಿಕೆ ಹಾಕಿಸಬಹುದೇ? ಹದಿನಾರು ತಿಂಗಳದ್ದು ಬಾಕಿ ಇದೆ.

ಆಶಾ ಕಾರ್ಯಕರ್ತೆ, ಶ್ರೀನಿವಾಸಪುರ ತಾಲ್ಲೂಕು

ಸಣ್ಣ ನೆಗಡಿ, ಸಣ್ಣ ಭೇದಿಗೆ ಲಸಿಕೆ ಮುಂದೂಡಬೇಕಿಲ್ಲ. ಜೋರು ಜ್ವರವಿದ್ದರೆ ಮಾತ್ರ ಇಳಿಯುವವರೆಗೆ ಕಾಯಿರಿ. 16ರಿಂದ 24 ತಿಂಗಳೊಳಗೆ ದಡಾರ ರುಬೆಲ್ಲಾ ಎರಡನೆಯದು, ಡಿಪಿಟಿ ಬೂಸ್ಟರ್, ಪೋಲಿಯೊ ಹನಿ, ಜೊತೆಗೆ ಮೆದುಳು ಜ್ವರದ ಲಸಿಕೆಯ ಎರಡನೆಯ ಡೋಸ್. ಕೊನೆಯದನ್ನು ಬಿಡಬೇಡಿ. ಕೋಲಾರ ಜಿಲ್ಲೆಯಲ್ಲಿ 1970ರ ದಶಕದ ಕೊನೆಯಲ್ಲೇ ಮೆದುಳು ಜ್ವರ ಹಬ್ಬಿತ್ತು, ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಒಂದು ಡೋಸ್ ತಪ್ಪಿತೆಂದು ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಗುರುವಾರ ನಿಮ್ಮೂರಿನ ಲಸಿಕೆ ಕೇಂದ್ರಕ್ಕೆ ಹೋಗಿ, ತಾಯಿ ಕಾರ್ಡ್ ಒಯ್ಯಿರಿ.

ಪಾವಗಡದ ಮೇಷ್ಟರು

ಹಲ್ಲಿನ ಪ್ರಶ್ನೆ ಹಾಗೆಯೇ ಉಳಿಯಿತು. ನಮ್ಮ ಪಾವಗಡ, ನಿಮ್ಮ ಮುಳಬಾಗಿಲು, ಆ ಕಡೆ ಬಾಗೇಪಲ್ಲಿ, ಎಲ್ಲ ಕಡೆಯೂ ಅದೇ ಕಥೆ. ಆಳದ ಕೊಳವೆಬಾವಿ, ಗ್ರಾನೈಟ್ ಬಂಡೆ, ಅದರಿಂದ ಕರಗಿ ಬರುವ ಫ್ಲೋರೈಡ್. ತರಗತಿಯಲ್ಲಿ ಮಕ್ಕಳನ್ನು ನಗಿಸಿದರೆ ಯಾರು ಯಾವ ಬೋರ್‌ವೆಲ್ ನೀರು ಕುಡಿದವರು ಎಂದು ಹೇಳಿಬಿಡಬಹುದು. ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಅಮ್ಮ, ಅದು ಕೊಳೆಯಲ್ಲ, ಉಜ್ಜಿದರೆ ಹೋಗದು. ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡ್ ಅದರ ಎನಾಮಲ್ ಎಂಬ ಹೊರಪದರವನ್ನು ಕೆಡಿಸಿರುತ್ತದೆ. ಬಾಯಿಯ ಮುಂಭಾಗದ ಹಲ್ಲುಗಳಿಗೆ ಆ ಕಾಲ ಜೀವನದ ಮೊದಲ ಮೂರು ನಾಲ್ಕು ವರ್ಷ. ಮಗನ ಹಲ್ಲಿಗೆ ದಂತವೈದ್ಯರು ಮುಂದೆ ಏನಾದರೂ ಮಾಡಬಹುದು, ಮೇಲ್ಪದರ ತೀಡುವುದೋ ಬಣ್ಣ ಹೊಂದುವ ಲೇಪನವೋ. ನಿಮಗೆ ತುರ್ತು ಇರುವುದು ಮಗಳ ವಿಷಯದಲ್ಲಿ, ಅವಳ ಹಲ್ಲು ಈಗ ಒಳಗೆ ತಯಾರಾಗುತ್ತಿವೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇರುತ್ತದೆ, ಕೇಳಿ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಇನ್ನು ಎಲ್ಲರೂ ಮರೆಯುವುದು ಇದು: ಶುದ್ಧ ನೀರಿನ ಘಟಕದಿಂದ ಕ್ಯಾನ್ ನೀರು ತಂದು ಕುಡಿಯುತ್ತಾರೆ, ಮುದ್ದೆಗೆ, ಸಾರಿಗೆ, ಮಗುವಿನ ರಾಗಿ ಸರಿಗೆ ಬೋರ್‌ವೆಲ್ ನೀರನ್ನೇ ಇಡುತ್ತಾರೆ. ಫ್ಲೋರೈಡ್ ಹೊಟ್ಟೆಗೆ ಹೋಗಲು ಲೋಟವೇ ಬೇಕೆಂದೇನಿಲ್ಲ.

ಮುಳಬಾಗಿಲಿನ ತಾಯಿ

ನಾವೂ ಹಾಗೆಯೇ ಮಾಡುತ್ತಿದ್ದೇವೆ ಸರ್, ಸರಿ ಕಾಯಿಸುವುದು ನಲ್ಲಿ ನೀರಿನಲ್ಲಿ. ಹಾಗಾದರೆ ಫ್ಲೋರೈಡ್ ಇರುವ ಪೇಸ್ಟ್ ನಿಲ್ಲಿಸಲೇ?

ಮಕ್ಕಳ ವೈದ್ಯೆ, ಕೋಲಾರ

ನಿಲ್ಲಿಸಬೇಡಿ, ಅಳತೆ ಇಳಿಸಿ. ಮಗಳಿಗೆ ಒಂದು ಅಕ್ಕಿ ಕಾಳಿನಷ್ಟು, ಮಗನಿಗೆ ಬಟಾಣಿ ಗಾತ್ರ. ನೀವೇ ಹಾಕಿಕೊಡಿ, ಉಗಿಸಿ. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಾಕುವುದು ಪೇಸ್ಟ್ ಬೇಗ ಖರ್ಚಾಗಲಿ ಎಂದು. ಅಡುಗೆಯ ನೀರಿನ ಬಗ್ಗೆ ಮೇಷ್ಟರು ಹೇಳಿದ್ದನ್ನು ಇವತ್ತೇ ಜಾರಿಗೆ ತನ್ನಿ.

ಕೆಜಿಎಫ್ ಗೃಹಿಣಿ

ವಾಂತಿ ಭೇದಿಗೆ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಹಣ್ಣಿನ ರಸದ ಪೊಟ್ಟಣ ಕೊಡುತ್ತೇವೆ, ಮಕ್ಕಳು ಇಷ್ಟಪಟ್ಟು ಕುಡಿಯುತ್ತಾರೆ. ಸರಿಯಲ್ಲವೇ?

ಬಂಗಾರಪೇಟೆ ಔಷಧಿ ಅಂಗಡಿ

ಇಷ್ಟಪಡುವುದು ಸಕ್ಕರೆಗೆ. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಬಳಸಬಾರದೆಂದು ಆದೇಶಿಸಿತು. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರದ್ದು ಎಂದು ಬರೆದಿರುವ ಪುಡಿಯ ಪೊಟ್ಟಣ ತೆಗೆದುಕೊಳ್ಳಿ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂದು ಅಂದಾಜು ಮಾಡಬೇಡಿ, ಗಟ್ಟಿಯಾದರೆ ಅಪಾಯ. ಕಲಸಿದ್ದು ಒಂದು ದಿನ ಮಾತ್ರ. ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ.

ಮಕ್ಕಳ ವೈದ್ಯೆ, ಕೋಲಾರ

ಜೊತೆಗೆ ಸತು, ಅಂದರೆ ಜಿಂಕ್. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂನಂತೆ 14 ದಿನ. ಭೇದಿ ನಿಂತಿತೆಂದು ಮೂರನೆಯ ದಿನಕ್ಕೇ ಬಿಡಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲಾಗದಷ್ಟು ನಿಶ್ಶಕ್ತಿ ಇದ್ದರೆ ಆಸ್ಪತ್ರೆ.

ಮುಳಬಾಗಿಲಿನ ತಾಯಿ

ಮೇಡಂ, ಮುಂದಿನ ಸಲ ಕೋಲಾರಕ್ಕೆ ಬಂದಾಗ ವೈದ್ಯರ ಮುಂದೆ ಏನೇನು ಹೇಳಬೇಕು? ಒಳಗೆ ಹೋದ ಕೂಡಲೇ ಎಲ್ಲ ಮರೆತುಹೋಗುತ್ತದೆ. ಯಜಮಾನರು ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದಷ್ಟೇ ಹೇಳುತ್ತಾರೆ.

ಮಕ್ಕಳ ವೈದ್ಯೆ, ಕೋಲಾರ

ಇಂಜೆಕ್ಷನ್ ಕೇಳುವ ತಂದೆಯರು ನಮಗೆ ಹೊಸಬರಲ್ಲ. ಜ್ವರಕ್ಕೆ ಸೊಂಟಕ್ಕೆ ಚುಚ್ಚಿದರೆ ಸಿರಪ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ನೋವು ಮಾತ್ರ ಹೆಚ್ಚುವರಿ.

ಕ್ಯಾಲೆಂಡರಿನ ಹಿಂಬದಿಯೋ ಹಳೆಯ ನೋಟುಬುಕ್ಕೋ ಸಾಕು. ಜ್ವರ ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತು, ಅತಿ ಹೆಚ್ಚು ಎಷ್ಟು ಡಿಗ್ರಿ, ಯಾವ ಬಾಟಲಿಯಿಂದ ಎಷ್ಟು ಮಿ.ಲೀ. ಎಷ್ಟು ಹೊತ್ತಿಗೆ ಕೊಟ್ಟಿರಿ, ನಿನ್ನೆಯಿಂದ ಎಷ್ಟು ಸಲ ಮೂತ್ರ ಹೋಯಿತು ಎಂದು ಬರೆದು ತನ್ನಿ. ಕೊಟ್ಟ ಔಷಧಿಯ ಬಾಟಲಿಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ‘ಕೆಂಪು ಸಿರಪ್’ ಎಂದರೆ ನನಗೆ ತಿಳಿಯುವುದಿಲ್ಲ, ಕೆಂಪು ಸಿರಪ್ ಐವತ್ತು ಇವೆ. ಊರಿನಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ, ನಾಟಿ ಔಷಧಿ ಕೊಟ್ಟಿದ್ದರೆ ಮುಚ್ಚಿಡಬೇಡಿ. ನಾನು ಬೈಯುವುದಿಲ್ಲ. ಬೈದರೂ ಒಂದು ನಿಮಿಷ, ಚಿಕಿತ್ಸೆ ತಪ್ಪಿದರೆ ವಾರಗಟ್ಟಲೆ. ಮಗುವನ್ನು ರಾತ್ರಿ ನೋಡಿಕೊಂಡವರು ಜೊತೆಯಲ್ಲಿ ಬರಲಿ. ನಿಮ್ಮ ಅತ್ತೆಯವರು ನೋಡಿಕೊಂಡಿದ್ದರೆ ಅವರೇ ಬರಲಿ, ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ. ಹೊರಡುವ ಮೊದಲು ‘ಇದು ಯಾವ ಕಾಯಿಲೆ ಎಂದು ನಿಮ್ಮ ಅಂದಾಜು, ಏನು ಕಂಡರೆ ಮತ್ತೆ ಬರಬೇಕು’ ಎಂದು ಕೇಳಿ. ಎಷ್ಟೇ ಸರದಿ ಇದ್ದರೂ ಇದಕ್ಕೆ ಉತ್ತರ ಹೇಳುವುದು ನಮ್ಮ ಕೆಲಸ.

ಚಿಂತಾಮಣಿಯ ಅಜ್ಜಿ

ಈಗ ನಿಜವಾಗಿ ಡಾಕ್ಟರಮ್ಮ ನಮ್ಮ ಕಡೆ ಬಂದರು.

ಪಾವಗಡದ ಮೇಷ್ಟರು

ಚರ್ಚೆ ಮುಗಿಯುವ ಮೊದಲು ಒಂದನ್ನು ಕೇಳುತ್ತೇನೆ. ನಮ್ಮ ಕಡೆ ಕಲ್ಲು ಚಪ್ಪಡಿಯ ಮನೆಗಳು, ಬೇಸಿಗೆಯಲ್ಲಿ ಚೇಳಿನ ಕಾಟ. ಮಗುವಿಗೆ ಕಡಿದರೆ ಮಂತ್ರ ಹಾಕಿಸಲು ಓಡುವವರೇ ಹೆಚ್ಚು. ನೋವು ತಾನಾಗಿ ಇಳಿದರೆ ಆಸ್ಪತ್ರೆ ಬೇಕೇ?

ಮಕ್ಕಳ ವೈದ್ಯೆ, ಕೋಲಾರ

ಮಕ್ಕಳಿಗಾದರೆ ಬೇಕೇ ಬೇಕು ಸರ್, ನೋವು ಇರಲಿ ಬಿಡಲಿ. ಕೆಂಪು ಚೇಳಿನ ವಿಷ ಹೃದಯಕ್ಕೆ ಹೊಡೆಯುತ್ತದೆ. ಕಡಿದ ಜಾಗದಲ್ಲಿ ನೋವು ಕಡಿಮೆ ಇದ್ದು, ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾಗುತ್ತಿದ್ದರೆ ಅದು ಹೆಚ್ಚು ಕೆಟ್ಟ ಲಕ್ಷಣ. ಇದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಇದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ವೈದ್ಯರಾಗಿದ್ದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅದರ ಉಪಯೋಗವನ್ನು ತೋರಿಸಿಕೊಟ್ಟ ಮೇಲೆ ಸಾಯುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಹೊರಡುವಾಗಲೇ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ ಆ ಮಾತ್ರೆ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಅಲ್ಲಿ ನಿಲ್ಲದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ.